ಓದುಗರ ಪ್ರಶ್ನೆ, ಅಕ್ಕನ ಉತ್ತರ: ದುಡಿಮೆ ಅವಳದ್ದು, ಪಹಣಿ ಯಾರದ್ದು?

ಪ್ರಶ್ನೆ: ನಾನು ಬಿ.ಎ. ವಿದ್ಯಾರ್ಥಿನಿ. ಜಗತ್ತಿನ ಸುಸ್ಥಿರ ಅಭಿವೃದ್ಧಿಯಲ್ಲಿ ಹೆಂಗಸರ ಪಾತ್ರದ ಬಗ್ಗೆ ಸೆಮಿನಾರ್ ಕೊಡಬೇಕು. ಪುಸ್ತಕದಲ್ಲಿರುವುದೆಲ್ಲ ವಿಶ್ವಸಂಸ್ಥೆಯ ಮಾತು. ಮೀನು ಮಾರುವ ನನ್ನ ಅಮ್ಮನಿಗೂ ಇದಕ್ಕೂ ಏನು ಸಂಬಂಧ, ಅಕ್ಕಾ?
– ಮಲ್ಪೆಯಿಂದ ಒಬ್ಬಳು

ಉತ್ತರ: ಅಮ್ಮನಿಂದಲೇ ಶುರು ಮಾಡು ಮಗಳೇ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಒಟ್ಟು 61 ದಿನ. ಮೀನು ಮೊಟ್ಟೆಯಿಟ್ಟು ಮರಿ ಮಾಡಲಿ ಎಂದು ಈ ನಿಯಮ. ಮುಂದಿನವರಿಗೂ ಕಡಲಿನಲ್ಲಿ ಮೀನು ಇರಬೇಕಲ್ವಾ? ಆದರೆ ಆ ಎರಡು ತಿಂಗಳು ಒಲೆ ಉರಿಯಬೇಕು. ಬೇಸಿಗೆಯಲ್ಲಿ ಮೀನು ಒಣಗಿಸಿ ಕಟ್ಟಿಟ್ಟವಳು, ಮಳೆಯಲ್ಲಿ ಬುಟ್ಟಿ ಹೊತ್ತು ಮನೆ ಮನೆಗೆ ಹೋದವಳು, ಸಂಘದ ಸಾಲದ ಕಂತು ತಪ್ಪದಂತೆ ನೋಡಿಕೊಂಡವಳು ಯಾರು? ಕಡಲು ಉಳಿಸುವ ಖರ್ಚಿನ ದೊಡ್ಡ ಪಾಲು ಹೊರುವವಳು ಅವಳು. ಅದನ್ನು ಯಾರೂ ಲೆಕ್ಕಕ್ಕೆ ಬರೆದಿಲ್ಲ.

ಇನ್ನು ಪುಸ್ತಕದ ಮಾತು. ನಾರ್ವೆಯ ಪ್ರಧಾನಿಯಾಗಿದ್ದ ಗ್ರೊ ಹಾರ್ಲೆಮ್ ಬ್ರುಂಟ್‌ಲ್ಯಾಂಡ್ ಎಂಬ ಮಹಿಳೆಯ ಅಧ್ಯಕ್ಷತೆಯ ಆಯೋಗ 1987ರಲ್ಲಿ ವರದಿ ಕೊಟ್ಟಿತು. ಇವತ್ತಿನವರ ಅಗತ್ಯ ತೀರಬೇಕು, ಮುಂದಿನವರ ಪಾಲಿಗೆ ಕುತ್ತು ಬರಬಾರದು ಎಂಬ ಅರ್ಥ ಸುಸ್ಥಿರ ಅಭಿವೃದ್ಧಿಗೆ ಬಂದದ್ದು ಅಲ್ಲಿಂದ. 2015ರಲ್ಲಿ ದೇಶಗಳೆಲ್ಲ ಸೇರಿ 2030ಕ್ಕೆ ಮುಟ್ಟಬೇಕಾದ 17 ಗುರಿ ಇಟ್ಟುಕೊಂಡವು. ಐದನೆಯದು ಹೆಣ್ಣು ಗಂಡಿನ ಸಮಾನತೆ, ಹದಿನಾಲ್ಕನೆಯದು ಕಡಲು. ಎರಡೂ ನಿಮ್ಮ ಮನೆಯಲ್ಲೇ ಇವೆ ನೋಡು.

ಐದನೆಯ ಗುರಿಯಲ್ಲೇ ಸಂಬಳವಿಲ್ಲದ ಮನೆಗೆಲಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದಿದೆ. ಭಾರತದಲ್ಲಿ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 88 ನಿಮಿಷ. ಅಮ್ಮನ ಒಂದು ದಿನವನ್ನು ಗಡಿಯಾರ ಇಟ್ಟುಕೊಂಡು ಬರೆದು ನೋಡು. ಆ ಒಂದು ಪುಟ ಸಾಕು, ನಿನ್ನ ಸೆಮಿನಾರ್ ಗಟ್ಟಿಯಾಗುತ್ತದೆ.

ಹೊರದೇಶದ ಉದಾಹರಣೆ ಬೇಕಾದರೆ ಕೀನ್ಯಾದ ವಂಗಾರಿ ಮಾಥಾಯಿ. 1977ರಿಂದ ಹಳ್ಳಿಯ ಹೆಂಗಸರಿಂದ ಗಿಡ ನೆಡಿಸಿದರು, ಬದುಕಿದ ಸಸಿಗೆ ಅವರ ಕೈಗೆ ಸ್ವಲ್ಪ ಹಣವನ್ನೂ ಕೊಡಿಸಿದರು. 2004ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಆ ಹಣದ ವಿಷಯ ಮರೆಯದೆ ಹೇಳು. ಹೆಂಗಸರ ಸೇವೆಯನ್ನು ಹೊಗಳುವವರು ಜಾಸ್ತಿ, ಕೂಲಿ ಕೊಡುವವರು ಕಡಿಮೆ.

ಪ್ರಶ್ನೆ: ಮಾವನ ಜಾಗದಲ್ಲಿ ಮಲ್ಲಿಗೆ ಬೆಳೆಸಿದ್ದೇನೆ. ಗೊಬ್ಬರ, ನೀರು, ಕೊಯ್ಲು, ಕಟ್ಟುವುದು ಎಲ್ಲ ನಾನೇ. ಸಾಲ ಕೇಳಿದರೆ ನಿಮ್ಮ ಹೆಸರಲ್ಲಿ ಪಹಣಿ ಇಲ್ಲ ಅನ್ನುತ್ತಾರೆ. ತವರಿನ ಆಸ್ತಿಯಲ್ಲಾದರೂ ನನಗೆ ಪಾಲು ಇದೆಯೇ?
– ಶಂಕರಪುರದ ಓದುಗರು

ಉತ್ತರ: ನಾನು ಸಹಕಾರಿ ಸಂಘದ ಸಾಲ ವಿಭಾಗದಲ್ಲಿ ಕೆಲಸ ಮಾಡಿದವಳು. ಕೈಯಲ್ಲಿ ಬಾಳೆನಾರಿನ ಕಲೆ ಇರುವ ಎಷ್ಟೋ ಹೆಂಗಸರು ಕೌಂಟರಿನಿಂದ ಹಾಗೇ ವಾಪಸ್ ಹೋದದ್ದನ್ನು ಕಂಡಿದ್ದೇನೆ. 800 ಮೊಗ್ಗು ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಷ್ಟು ಬೆರಳ ದುಡಿಮೆಗೆ ಕಾಗದದಲ್ಲಿ ಒಂದು ಸಾಲೂ ಇಲ್ಲ ಎಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಮಾವ ಇರುವಾಗ ಅವರ ಜಾಗದಲ್ಲಿ ಸೊಸೆಗೆ ಹಕ್ಕು ಇಲ್ಲ. ಅವರಾಗಿ ದಾನಪತ್ರ ಮಾಡಿಸಿದರೆ ಬರುತ್ತದೆ. ತವರಿನದ್ದು ಹಾಗಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಮದುವೆಯಾದರೂ ಅಷ್ಟೇ. ತಂದೆ ಆಗ ಬದುಕಿದ್ದರೋ ಇಲ್ಲವೋ ಎಂಬುದು ಮುಖ್ಯವಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ರಿಜಿಸ್ಟರ್ ಆದ ಪಾಲುಪತ್ರ ಇದ್ದರೆ ಅದನ್ನು ಈಗ ಬಿಚ್ಚಲಾಗದು. ಹಾಗಾಗಿ ಮೊದಲು ಪತ್ರಗಳನ್ನು ವಕೀಲರಿಗೆ ತೋರಿಸಿ.

ನಿಮ್ಮದು ಅಳಿಯಕಟ್ಟಿನ ಕುಟುಂಬವಾದರೆ ಲೆಕ್ಕ ಬೇರೆ. ಅಲ್ಲಿ ಸಂಪ್ರದಾಯದಂತೆ ಹಕ್ಕು ಬರುತ್ತಿದ್ದುದೇ ಹೆಣ್ಣಿನ ಕಡೆಯಿಂದ. ಆದರೂ ಎಷ್ಟೋ ಮನೆಗಳಲ್ಲಿ ಯಜಮಾನಿಕೆ ಮಾತ್ರ ಸೋದರಮಾವನ ಕೈಯಲ್ಲೇ ಇತ್ತು. ಹೆಸರು ಇದ್ದರೆ ಸಾಲದು, ಸಹಿ ಹಾಕುವ ಕೈಯೂ ನಮ್ಮದಾಗಬೇಕು. ಇದನ್ನು ನಾನು ತುಂಬಾ ಹೇಳುತ್ತಿರುತ್ತೇನೆ.

ಸದ್ಯಕ್ಕೆ ಸ್ವಸಹಾಯ ಗುಂಪಿನ ಮೂಲಕ ಸಾಲ ಕೇಳಿ. ಅದಕ್ಕೆ ಜಾಗದ ಅಡವು ಬೇಡ. ಹೂವಿನ ಲೆಕ್ಕದ ಪುಸ್ತಕ ನಿಮ್ಮ ಹೆಸರಲ್ಲೇ ಇರಲಿ, ಹಣವೂ ನಿಮ್ಮ ಖಾತೆಗೇ ಬೀಳಲಿ.

ಪ್ರಶ್ನೆ: ಪಂಚಾಯತಿಯಲ್ಲಿ ಅರ್ಧ ಹೆಂಗಸರು. ಮಾತಾಡುವುದು ಗಂಡಂದಿರು. ಇಂಥ ಮೀಸಲಾತಿಯಿಂದ ಏನು ಲಾಭ?
– ಮೂಡುಬಿದಿರೆಯ ಓದುಗರು

ಉತ್ತರ: ನಿಮ್ಮ ಬೇಸರ ಸರಿ, ತೀರ್ಮಾನ ಸರಿಯಲ್ಲ. ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ ಪಂಚಾಯತಿಗಳನ್ನು ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ಅಧ್ಯಯನ ಮಾಡಿ 2004ರಲ್ಲಿ ಪ್ರಕಟಿಸಿದರು. ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದ ಕಡೆ ಕುಡಿಯುವ ನೀರಿಗೆ ಹೆಚ್ಚು ಹಣ ಹೋಗಿತ್ತು. ಕೊಡ ಹೊರುವವಳಿಗೆ ನೀರಿನ ಕಷ್ಟ ಗೊತ್ತು.

ಮುಂದಿನ ಗ್ರಾಮಸಭೆಗೆ ಹೋಗಿ. ಗಂಡ ಎದ್ದು ಉತ್ತರ ಕೊಡಲು ಬಂದರೆ, ಸದಸ್ಯೆಯೇ ಹೇಳಲಿ ಎಂದು ಗೌರವದಿಂದ ಕೇಳಿ. ಅವರು ತಡವರಿಸಿದರೆ ಕಾಯಿರಿ. ಹೇಳಿದ ಮಾತು ನಡಾವಳಿ ಪುಸ್ತಕದಲ್ಲಿ ಅವರ ಹೆಸರಿನಲ್ಲೇ ದಾಖಲಾಯಿತೇ ಎಂದು ನೋಡಿ ಬನ್ನಿ.