ಮಳೆಗಾಲದಲ್ಲಿ ಕಿಟಕಿ ಮುಚ್ಚಿದರೆ ಶಾಲೆ ತೆರೆದಿಡೋದು ಹೇಗೆ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮದು ತೀರ್ಥಹಳ್ಳಿ ಕಡೆ. ಹಂಚಿನ ಮಾಡಿನ ಸರ್ಕಾರಿ ಶಾಲೆ, ಎರಡು ಕೋಣೆ, ಇಬ್ಬರು ಟೀಚರ್. ಕೊರೊನಾ ಟೈಮಲ್ಲಿ ನೆಟ್‌ವರ್ಕ್ ಇಲ್ಲದೆ ಮಕ್ಕಳು ಓದೋದನ್ನೇ ಮರೆತರು. ಅಂಥ ಕಾಯಿಲೆ ಮತ್ತೆ ಬಂದರೆ ಶಾಲೆ ತೆರೆದೇ ಇಡಬಹುದಾ? ಜೂನ್ ಬಂದರೆ ಕಿಟಕಿ ತೆಗೆಯೋಕಾಗಲ್ಲ, ಎರಚಲು ಒಳಗೇ ಹೊಡೆಯುತ್ತೆ. (ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸದಸ್ಯರೊಬ್ಬರು)

ಉತ್ತರ: ಇಡಬಹುದು. ಹೊಸ ಕಾಯಿಲೆ ಎಂಥದ್ದು ಅಂತ ತಿಳಿಯುವವರೆಗೆ ಸ್ವಲ್ಪ ದಿನ ಮುಚ್ಚಬೇಕಾಗಬಹುದು. ಮಕ್ಕಳನ್ನೇ ಜಾಸ್ತಿ ಕಾಡುವ ಕಾಯಿಲೆಯಾದರೆ ಲೆಕ್ಕ ಬೇರೆ. ಆದರೆ ಕಳೆದ ಸಲ 2020ರ ಮಾರ್ಚ್‌ನಲ್ಲಿ ಮುಚ್ಚಿದ ಒಂದರಿಂದ ಐದನೇ ತರಗತಿ ಮತ್ತೆ ಶುರುವಾಗಿದ್ದು 2021ರ ಅಕ್ಟೋಬರ್ 25ಕ್ಕೆ, ಅಂದರೆ ಸುಮಾರು 19 ತಿಂಗಳು ಮಗುವಿಗೆ ಶಾಲೆಯಲ್ಲಿ ಪಾಠವೂ ಇಲ್ಲ, ಅಲ್ಲಿ ಕೂತು ತಿನ್ನುವ ಬಿಸಿಯೂಟವೂ ಇಲ್ಲ. ಅಷ್ಟು ದಿನ ಮುಚ್ಚೋದು ಇನ್ನೊಮ್ಮೆ ಆಗಕೂಡದು.

ಇನ್ನು ನಿಮ್ಮ ಕಿಟಕಿ ವಿಷಯ. ಕೊರೊನಾದಂಥ ಕಾಯಿಲೆ ಹರಡೋದು ಮುಖ್ಯವಾಗಿ ಉಸಿರಿನಿಂದ. ಮಾತಾಡುವಾಗ, ಹಾಡುವಾಗ, ಒಟ್ಟಿಗೆ ಮಗ್ಗಿ ಹೇಳುವಾಗ ಬಾಯಿಂದ ಬರುವ ಸಣ್ಣ ಹನಿಗಳು ಮುಚ್ಚಿದ ಕೋಣೆಯಲ್ಲಿ ಹೊಗೆಯ ಹಾಗೆ ಬಹಳ ಹೊತ್ತು ತೇಲುತ್ತವೆ. ಹಾಗಾಗಿ ಬೆಂಚು ದೂರ ಇಟ್ಟರೆ ಮಾತ್ರ ಸಾಲದು, ಗಾಳಿ ಹೊರಗೆ ಹೋಗಬೇಕು.

ನಮ್ಮ ಕಡೆ ಮಳೆಗಾಳಿ ಹೆಚ್ಚಾಗಿ ಪಶ್ಚಿಮ, ನೈಋತ್ಯದಿಂದ ಬೀಸುತ್ತೆ ಅಲ್ವಾ? ಹಾಗಾದರೆ ಪೂರ್ವದ ಕಿಟಕಿಗಳನ್ನು ದಿನವಿಡೀ ಪೂರ್ತಿ ತೆರೆದಿಡಿ. ಪಶ್ಚಿಮದ ಕಿಟಕಿಗೆ ಹೊರಗಿನಿಂದ ಅಡಿಕೆ ಸೋಗೆಯ ತಟ್ಟಿಯನ್ನೋ ತಗಡನ್ನೋ ಇಳಿಜಾರಾಗಿ ಕಟ್ಟಿ. ಗೋಡೆಗೆ ಒತ್ತಿ ಕಟ್ಟಬೇಡಿ, ಕೆಳಗೆ ಒಂದೆರಡು ಅಡಿ ಜಾಗ ಬಿಡಿ. ಎರಚಲು ತಡೆಯುತ್ತೆ, ಗಾಳಿಯೂ ಆಡುತ್ತೆ. ಮನೆ ಜಗಲಿಗೆ ತಟ್ಟಿ ಕಟ್ಟೋದು ನಿಮ್ಮೂರಲ್ಲಿ ಎಲ್ಲರಿಗೂ ಗೊತ್ತಿರುತ್ತೆ, ಅದೇ ಕೈಗಳು ಶಾಲೆಗೂ ಒಂದು ಭಾನುವಾರ ಬಂದರೆ ಕೆಲಸ ಮುಗಿಯುತ್ತೆ. ಹಂಚಿನ ಮಾಡು ನಿಮಗೆ ದೊಡ್ಡ ಅನುಕೂಲ, ಹಂಚಿನ ಸಂದಿನಿಂದ ಬಿಸಿ ಗಾಳಿ ಮೇಲೆ ಹೋಗುತ್ತೆ. ಕೆಳಗೆ ಸೀಲಿಂಗ್ ಹೊಡೆಸಿದ್ದರೆ ಮಾತ್ರ ಅದು ನಿಂತುಹೋಗುತ್ತೆ. ಮೇಲಿನ ಗಾಳಿಗಂಡಿಗಳಿಗೆ ರಟ್ಟು ತುರುಕಿದ್ದರೆ ಇವತ್ತೇ ತೆಗೆಸಿ.

ಗಾಳಿ ಸಾಕಾ ಅಂತ ಅಳೆಯೋದಕ್ಕೆ ಕಾರ್ಬನ್ ಡೈಆಕ್ಸೈಡ್ ಮೀಟರ್ ಸಿಗುತ್ತೆ. ಹೊರಗಿನ ಗಾಳಿಯಲ್ಲಿ ಅದು 420 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 420 ಪಾಲು) ಆಸುಪಾಸು ತೋರಿಸುತ್ತೆ. ಮಕ್ಕಳು ಕೂತ ಕೋಣೆಯಲ್ಲಿ 800ರ ಒಳಗಿದ್ದರೆ ಒಳ್ಳೆಯದು. 1500 ದಾಟಿದರೆ ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆಯುತ್ತಿದ್ದಾರೆ ಅಂತ ಅರ್ಥ. ಪ್ರತಿ ಶಾಲೆಗೂ ಒಂದೊಂದು ಬೇಕಿಲ್ಲ. ಅಕ್ಕಪಕ್ಕದ ಶಾಲೆಗಳ ಕ್ಲಸ್ಟರ್‌ಗೆ ಒಂದಿದ್ದು, ಆ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿಯವರು ಬರುವಾಗ ತಂದು ಅಳೆದರೂ ಆಯ್ತು.

ಊಟದ ಹೊತ್ತು ಜಾಸ್ತಿ ಎಚ್ಚರ ಬೇಕು, ಆಗ ಯಾರಿಗೂ ಮಾಸ್ಕ್ ಇರಲ್ಲ. ಜಗಲಿಯಲ್ಲಿ ಎರಡು ಪಂಕ್ತಿ ಮಾಡಿ ಬಡಿಸಿ. ಮಳೆ ಬಿಟ್ಟ ದಿನ ಪಾಠವೂ ಹೊರಗೇ ಆಗಲಿ. 2020ರಲ್ಲಿ ಟೀಚರ್‌ಗಳು ಮಕ್ಕಳಿದ್ದಲ್ಲಿಗೇ ಹೋಗಿ ಕಲಿಸಿದ ವಿದ್ಯಾಗಮದ ಪಾಠ ದೇವಸ್ಥಾನದ ಅಂಗಳದಲ್ಲಿ, ಮರದಡಿಯಲ್ಲಿ ನಡೆದಿತ್ತಲ್ಲ, ಹಾಗೆ. ಆದರೆ ಟೀಚರ್‌ಗಳ ಆರೋಗ್ಯವನ್ನೂ ನೋಡಬೇಕು. ಅವರಿಗೆ ಲಸಿಕೆ, ಒಳ್ಳೆಯ ಎನ್95 ಮಾಸ್ಕ್ ಮೊದಲು ಸಿಗಲಿ ಅಂತ ಎಸ್‌ಡಿಎಂಸಿ ಪಟ್ಟು ಹಿಡಿಯಬೇಕು. ಜ್ವರ, ಕೆಮ್ಮು ಇರುವ ಮಗು ಮನೆಯಲ್ಲೇ ಇರಲಿ. ಹಾಜರಾತಿ ಕಡಿಮೆ ಆಯ್ತು ಅಂತ ಯಾರೂ ಗದರಿಸಬೇಡಿ. ಗದರಿಸಿದರೆ ಅಮ್ಮಂದಿರು ಮಾತ್ರೆ ಕೊಟ್ಟು ಕಳಿಸುತ್ತಾರೆ.

ಪ್ರಶ್ನೆ: ಶಿವಮೊಗ್ಗದಲ್ಲಿ ಮಗನ ಶಾಲೆಯವರು ಗೇಟಲ್ಲಿ ಜ್ವರ ನೋಡುವ ಗನ್, ಕ್ಲಾಸಲ್ಲಿ ಔಷಧಿ ಸಿಂಪಡಣೆ, ಎಸಿ ಎಲ್ಲಾ ಇದೆ, ಭಯ ಬೇಡ ಅಂತಾರೆ. ನಂಬಬಹುದಾ?

ಉತ್ತರ: ಅಷ್ಟಕ್ಕೇ ನಂಬಿ ಕೂರಬೇಡಿ ಅಮ್ಮಾ. ಗನ್ ನೋಡೋದು ಹಣೆಯ ಮೇಲಿನ ಬಿಸಿಯನ್ನು. ಮಳೆಯಲ್ಲಿ ನೆನೆದು ಬಂದ ಮಗುವಿನ ಹಣೆ ತಣ್ಣಗೇ ಇರುತ್ತೆ. ಕೊರೊನಾ ಆದರೆ ಜ್ವರ ಬರುವ ಒಂದೆರಡು ದಿನ ಮೊದಲೇ ಹರಡಬಲ್ಲದು. ಕೋಣೆಯೊಳಗೆ ಔಷಧಿ ಸಿಂಪಡಿಸೋದು ಬೇಡ, ಜನರ ಮೇಲಂತೂ ಬೇಡವೇ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರ ಮೇನಲ್ಲೇ ಹೇಳಿದೆ. ಇನ್ನು ಗೋಡೆಗೆ ಹಾಕುವ ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರೋದಿಲ್ಲ, ಒಳಗಿನದನ್ನೇ ತಣ್ಣಗೆ ಮಾಡಿ ತಿರುಗಿಸುತ್ತೆ. ಪೋಷಕರ ಸಭೆಯಲ್ಲಿ ಒಂದೇ ಮಾತು ಕೇಳಿ: ಎಸಿ ಆಫ್ ಮಾಡಿ ಕಿಟಕಿ ತೆಗೀತೀರಾ?

ಪ್ರಶ್ನೆ: ಸಾಗರದ ಹತ್ತಿರ ನಮ್ಮೂರಲ್ಲಿ ಮಂಗನ ಕಾಯಿಲೆ ಬಂದಾಗ ಮಕ್ಕಳನ್ನು ಶಾಲೆಗೆ ಕಳಿಸೋಕೆ ಹೆದರಿಕೆ. ರಜೆ ಕೊಡಬೇಕಲ್ವಾ?

ಉತ್ತರ: ಬೇಡ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಕಾಯಿಲೆ ಉಣುಗು (ಉಣ್ಣಿ) ಕಚ್ಚಿ ಬರೋದು, ಪಕ್ಕದಲ್ಲಿ ಕೂತ ಮಗುವಿನಿಂದ ಬರಲ್ಲ. ರಜೆ ಕೊಟ್ಟರೆ ಮಕ್ಕಳು ದೊಡ್ಡವರ ಜೊತೆ ದರಗು (ಒಣ ಎಲೆ) ಗುಡಿಸೋಕೆ ಕಾಡಿಗೆ ಹೋಗುತ್ತಾರೆ, ಅಪಾಯ ಇರೋದೇ ಅಲ್ಲಿ. ಕಾಡಿನ ದಾರಿಯಲ್ಲಿ ಬರುವ ಮಕ್ಕಳ ಕೈಕಾಲಿಗೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿ ಕಳಿಸಿ. ಸಂಜೆ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿಸಿ, ಬಟ್ಟೆ ಒಗೆಯಿರಿ. ಸತ್ತ ಮಂಗ ಕಂಡರೆ ಮುಟ್ಟದೆ ಆಶಾ ಕಾರ್ಯಕರ್ತೆಗೆ ತಿಳಿಸಿ.