ನೆಲದಡಿಯಲ್ಲಿ ಹುಡುಕಿದರೆ ವಿಮಾನ ಸಿಕ್ಕೀತೆ?

ಪ್ರಶ್ನೆ: ವಿಮಾನಗಳು ಕಳುಹಿಸುವ ರೇಡಿಯೊ ಸಂಕೇತಗಳನ್ನು ಸಂಗ್ರಹಿಸಿಡುವ ಓಪನ್‌ಸ್ಕೈ ನೆಟ್‌ವರ್ಕ್‌ನ ಹಳೆಯ ಡೇಟಾದಲ್ಲಿ 2024ರ ಜನವರಿ 1ರ ಸಂಜೆ 6ರಿಂದ 7ರೊಳಗೆ ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಇಳಿದ ವಿಮಾನಗಳನ್ನು ಎಸ್‌ಕ್ಯೂಎಲ್ ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಬರೆದು ಹುಡುಕಿದೆ. ಎತ್ತರ 600 ಮೀಟರಿಗಿಂತ ಕಡಿಮೆ ಎಂದು ಷರತ್ತು ಹಾಕಿದ್ದೆ. ತುಂಬಾ ಹೊತ್ತು ಓಡಿ, ಕೊನೆಗೆ ಒಂದು ಸಾಲೂ ಬರಲಿಲ್ಲ. ತಪ್ಪೆಲ್ಲಿ?
— ವಿದ್ಯಾರ್ಥಿ, ತುಮಕೂರು

ಉತ್ತರ: ನೀವು ಹುಡುಕಿದ್ದು ನೆಲದಡಿಯಲ್ಲಿ! ಎತ್ತರ ಬರೆದಿಡುವ ‘ಬಾರೊಆಲ್ಟಿಟ್ಯೂಡ್’ ಕಾಲಂನಲ್ಲಿರುವುದು ನೆಲದಿಂದ ಅಳೆದ ಎತ್ತರವಲ್ಲ. ಗಾಳಿಯ ಒತ್ತಡ 1013.25 ಹೆಕ್ಟೊಪಾಸ್ಕಲ್ ಇರುವ ಮಟ್ಟವನ್ನು ಸೊನ್ನೆಯೆಂದು ಹಿಡಿದು ವಿಮಾನ ಹೇಳುವ ಲೆಕ್ಕ ಅದು. ದೇವನಹಳ್ಳಿಯ ರನ್‌ವೇ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಮೇಲಿದೆ. ಅಂದಮೇಲೆ ಚಕ್ರ ನೆಲ ಮುಟ್ಟಿದಾಗಲೂ ಆ ಕಾಲಂನಲ್ಲಿ 900ರ ಆಸುಪಾಸಿನ ಸಂಖ್ಯೆಯೇ ಇರುತ್ತದೆ. ಒತ್ತಡ 3 ಹೆಕ್ಟೊಪಾಸ್ಕಲ್ ಇಳಿದ ದಿನ ಅದಕ್ಕೆ ಇನ್ನೊಂದು 25 ಮೀಟರ್ ಸೇರುತ್ತದೆ. ರನ್‌ವೇಯಿಂದ 600 ಮೀಟರ್ ಮೇಲಿನವರೆಗೆ ಬೇಕೆಂದರೆ 1500ಕ್ಕಿಂತ ಕಡಿಮೆ ಎಂದು ಬರೆಯಿರಿ. ಬಜಪೆಯ ರನ್‌ವೇ 100 ಮೀಟರಿನ ಆಸುಪಾಸಿನಲ್ಲಿದೆ, ಹಾಗಾಗಿ ಇದೇ ಕ್ವೆರಿಯನ್ನು ಮಂಗಳೂರಿಗೆ ಹಾಕಿದ್ದರೆ ಈ ತಪ್ಪು ಗೊತ್ತೇ ಆಗುತ್ತಿರಲಿಲ್ಲ.

ತಡವಾದದ್ದಕ್ಕೆ ಕಾರಣ ‘ಅವರ್’ (ಗಂಟೆ) ಕಾಲಂಗೆ ಷರತ್ತು ಇಲ್ಲದಿರುವುದು. ಈ ಟೇಬಲ್ಲನ್ನು ಗಂಟೆಗೊಂದರಂತೆ ಹೋಳು ಮಾಡಿ ಇಟ್ಟಿದ್ದಾರೆ. ‘ಟೈಮ್’ ಒಂದನ್ನೇ ಕೊಟ್ಟರೆ ಯಂತ್ರ ವರ್ಷಗಟ್ಟಲೆ ಡೇಟಾವನ್ನು ಜಾಲಾಡುತ್ತದೆ. ಇಲ್ಲಿ ನಮ್ಮವರು ಎಡವುವ ಜಾಗವೊಂದಿದೆ. ಸಮಯವೆಲ್ಲ ಯುಟಿಸಿಯಲ್ಲಿ (ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ), 1970ರಿಂದ ಎಣಿಸಿದ ಸೆಕೆಂಡುಗಳಲ್ಲಿ ಇರುತ್ತದೆ. ನಮ್ಮ ಸಂಜೆ 6 ಅಲ್ಲಿ 12:30. ಹಾಗಾಗಿ ನಿಮ್ಮ ಒಂದು ಗಂಟೆ ಅಲ್ಲಿ ಎರಡು ಹೋಳುಗಳಿಗೆ ಹಂಚಿಹೋಗಿದೆ. ‘ಟೈಮ್’ 1704112200ರಿಂದ 1704115800ರವರೆಗೆ ಇರಲಿ. ‘ಅವರ್’ಗೆ ಆಯಾ ಗಂಟೆ ಶುರುವಾದ ಕ್ಷಣವನ್ನು ಕೊಡಬೇಕು: 1704110400 ಮತ್ತು 1704114000, ಎರಡೂ ಬೇಕು. ಮೊದಲಿನದನ್ನು ಮಾತ್ರ ಕೊಟ್ಟರೆ 6:30ರ ನಂತರ ಇಳಿದವು ಸದ್ದಿಲ್ಲದೆ ಬಿಟ್ಟುಹೋಗುತ್ತವೆ, ದೋಷಸಂದೇಶವೂ ಬರುವುದಿಲ್ಲ.

ಇನ್ನು ಜಾಗದ ಚೌಕಟ್ಟು. ಎರಡೂ ರನ್‌ವೇಗಳು ಪೂರ್ವ-ಪಶ್ಚಿಮವಾಗಿವೆ. ಮೂರು ಡಿಗ್ರಿ ಇಳಿಜಾರಿನಲ್ಲಿ 600 ಮೀಟರ್ ಇಳಿಯಲು ಸುಮಾರು 11.5 ಕಿ.ಮೀ. ಬೇಕು. ಆದ್ದರಿಂದ ಚೌಕಟ್ಟು ಅಡ್ಡಕ್ಕೆ ಉದ್ದ, ನೇರಕ್ಕೆ ಗಿಡ್ಡ ಇರಲಿ: ರೇಖಾಂಶ 77.55–77.87, ಅಕ್ಷಾಂಶ 13.16–13.23. ದಕ್ಷಿಣಕ್ಕೆ 13.10ರವರೆಗೆ ಎಳೆದರೆ ಯಲಹಂಕ ವಾಯುನೆಲೆಯೂ ಒಳಗೆ ಬಂದುಬಿಡುತ್ತದೆ. ‘ವರ್ಟ್‌ರೇಟ್’ (ಏರುವ-ಇಳಿಯುವ ವೇಗ) -1.5ಕ್ಕಿಂತ ಕಡಿಮೆ ಎಂದು ಸೇರಿಸಿದರೆ ಮೇಲೇರುವವು ಹೊರಗುಳಿಯುತ್ತವೆ. ಅದು ಸೆಕೆಂಡಿಗೆ ಮೀಟರ್ ಲೆಕ್ಕ. ಜೆಟ್ ಇಳಿಯುವಾಗ ಸಾಮಾನ್ಯವಾಗಿ -3.5ರ ಸುತ್ತ ಇರುತ್ತದೆ. ಇಷ್ಟಾದ ಮೇಲೆ ಸಾಲುಗಳನ್ನು ಎಣಿಸಬೇಡಿ. ವಿಮಾನವೊಂದಕ್ಕೆ ಸೆಕೆಂಡಿಗೊಂದು ಸಾಲು, ಮೂರು ನಿಮಿಷ ಚೌಕಟ್ಟಿನಲ್ಲಿದ್ದರೆ 180. ವಿಮಾನದ ವಿಳಾಸವಿರುವ ‘ಐಕಾವೊ24’ ಕಾಲಂಗೆ ‘ಡಿಸ್ಟಿಂಕ್ಟ್’ (ಒಂದನ್ನು ಒಮ್ಮೆ ಮಾತ್ರ) ಹಾಕಿ ಎಣಿಸಿ.

ಪ್ರಶ್ನೆ: ಟಿಕೆಟ್ಟಿನಲ್ಲಿರುವ ‘6ಇ’ ಸಂಖ್ಯೆಯನ್ನು ‘ಕಾಲ್‌ಸೈನ್’ (ಕರೆಹೆಸರು) ಕಾಲಂನಲ್ಲಿ ಹುಡುಕಿದರೆ ಏನೂ ಸಿಗುತ್ತಿಲ್ಲ.
— ಓದುಗರು, ಹುಬ್ಬಳ್ಳಿ

ಉತ್ತರ: ‘6ಇ’ ಟಿಕೆಟ್ಟಿನ ಭಾಷೆ. ವಿಮಾನ ಕಳುಹಿಸುವ ಸಂಕೇತದಲ್ಲಿ ಇಂಡಿಗೊ ‘ಐಜಿಒ’, ಏರ್ ಇಂಡಿಯಾ ‘ಎಐಸಿ’, ಆಕಾಸಾ ‘ಎಕೆಜೆ’. (ಕ್ವೆರಿಯಲ್ಲಿ ಇವನ್ನು ಇಂಗ್ಲಿಷ್ ದೊಡ್ಡಕ್ಷರದಲ್ಲೇ ಟೈಪಿಸಬೇಕು.) ಅಷ್ಟು ಸರಿಮಾಡಿದರೂ ಸಮ ಚಿಹ್ನೆ ಕೈಕೊಡಬಹುದು, ಏಕೆಂದರೆ ಈ ಕಾಲಂ ಎಂಟು ಅಕ್ಷರದ್ದು. ಹೆಸರು ಏಳು ಅಕ್ಷರವಾದರೆ ಕೊನೆಗೊಂದು ಖಾಲಿ ಜಾಗ ಅಂಟಿಕೊಂಡಿರುತ್ತದೆ. ‘ಟ್ರಿಮ್’ನಿಂದ ಆ ಖಾಲಿ ಜಾಗ ಕತ್ತರಿಸಿ ಹೋಲಿಸಿ, ಇಲ್ಲವೇ ಭಾಗಶಃ ಹೋಲಿಕೆಗೆ ‘ಲೈಕ್’ ಬಳಸಿ. ಒಂದೇ ಥರ ಕೇಳಿಸುವ ಸಂಖ್ಯೆಗಳಿಂದ ಗೊಂದಲವಾಗದಿರಲೆಂದು ಟಿಕೆಟ್ ಸಂಖ್ಯೆಗೂ ಕರೆಹೆಸರಿಗೂ ಸಂಬಂಧವೇ ಇಲ್ಲದಂತೆ ಕೊನೆಗೆ ಅಕ್ಷರ ಸೇರಿಸುವುದೂ ಉಂಟು. ಆಗ ‘ಐಕಾವೊ24’ ಕಾಲಂನಲ್ಲಿರುವ ವಿಮಾನದ 24 ಬಿಟ್ ವಿಳಾಸವೇ ಗತಿ. ಅದನ್ನು ಚಿಕ್ಕಕ್ಷರದಲ್ಲಿ ಬರೆಯಿರಿ. ಭಾರತದ ನೋಂದಣಿಯವು 80, 81, 82 ಅಥವಾ 83ರಿಂದ ಶುರುವಾಗುತ್ತವೆ. ನಮ್ಮ ಕಂಪನಿಗಳು ಸಿಬ್ಬಂದಿ ಸಮೇತ ಬಾಡಿಗೆಗೆ ತಂದ ವಿದೇಶಿ ನೋಂದಣಿಯ ವಿಮಾನಗಳು ಈ ಜರಡಿಯಲ್ಲಿ ಸೋರಿಹೋಗುತ್ತವೆ.

ಪ್ರಶ್ನೆ: ಮಂಗಳೂರಿನಿಂದ ದುಬೈಗೆ ಹೋದ ವಿಮಾನ ಅರಬ್ಬಿ ಸಮುದ್ರದ ಮೇಲೆ ಐದು ನಿಮಿಷ ನಿಂತಲ್ಲೇ ನಿಂತಂತೆ ಡೇಟಾ ತೋರಿಸುತ್ತಿದೆ.
— ಓದುಗರು, ಉಡುಪಿ

ಉತ್ತರ: ನಿಂತಿದ್ದು ಡೇಟಾ. ವಿಮಾನ ತನ್ನ ಸ್ಥಾನ ತಿಳಿಸುವ 1090 ಮೆಗಾಹರ್ಟ್ಸ್ ಸಂಕೇತ ನೇರ ದೃಷ್ಟಿಯಲ್ಲಷ್ಟೇ ಸಿಗುತ್ತದೆ. 11,000 ಮೀಟರ್ ಎತ್ತರದ ವಿಮಾನವೂ ಕರಾವಳಿಯ ರಿಸೀವರಿನಿಂದ ಸುಮಾರು 430 ಕಿ.ಮೀ. ದಾಟಿದರೆ ಭೂಮಿಯ ಬಾಗಿನ ಹಿಂದೆ ಮರೆಯಾಗುತ್ತದೆ. ಸಂಪರ್ಕ ತಪ್ಪಿದ ಮೇಲೂ ಓಪನ್‌ಸ್ಕೈ 300 ಸೆಕೆಂಡುಗಳವರೆಗೆ ಕೊನೆಯ ಸ್ಥಾನವನ್ನೇ ಮತ್ತೆ ಮತ್ತೆ ಬರೆಯುತ್ತದೆ. ಸೆಕೆಂಡಿಗೆ 250 ಮೀಟರ್ ವೇಗದಲ್ಲಿ ಅಷ್ಟರಲ್ಲಿ ವಿಮಾನ 75 ಕಿ.ಮೀ. ಮುಂದೆ ಹೋಗಿರುತ್ತದೆ. ‘ಟೈಮ್’ನಿಂದ ‘ಲಾಸ್ಟ್‌ಪೊಸ್‌ಅಪ್‌ಡೇಟ್’ (ಕೊನೆಯ ಸ್ಥಾನ ಸಿಕ್ಕ ಸಮಯ) ಕಳೆದು, 15 ಸೆಕೆಂಡಿಗಿಂತ ಹೆಚ್ಚು ಬಂದ ಸಾಲುಗಳನ್ನು ಬಿಟ್ಟುಬಿಡಿ.