ಗುಪ್ತಚರರ ಲೆಕ್ಕ ಕೇಳುವವರು ಯಾರು?

ಪ್ರಶ್ನೆ: ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಮೇಲೆ ಕಣ್ಣಿಡಲು ಅಲ್ಲಿನ ಸಂಸತ್ತಿನ ಮೇಲ್ಮನೆ ಸೆನೆಟ್‌ನಲ್ಲಿ ಪ್ರತ್ಯೇಕ ಸಮಿತಿ ಇದೆ. ಆದರೂ ಬೇರೆ ಸಮಿತಿಗಳು ‘ಇದು ನಮ್ಮ ವ್ಯಾಪ್ತಿ’ ಎಂದು ಕಿತ್ತಾಡುವುದು ಯಾಕೆ? ನಮ್ಮಲ್ಲೂ ಇಂಥ ಸಮಿತಿ ಇದೆಯಾ?

ಉತ್ತರ: ಮುಖ್ಯವಾಗಿ ದುಡ್ಡಿನ ಹಿಡಿತಕ್ಕೆ. 1975ರಲ್ಲಿ ಸೆನೆಟರ್ ಫ್ರಾಂಕ್ ಚರ್ಚ್ ಅವರ ಸಮಿತಿ ತನಿಖೆಗೆ ಇಳಿದಾಗ, ಸಿಐಎ ವಿದೇಶಿ ನಾಯಕರ ಕೊಲೆಗೆ ಸಂಚು ಹೂಡಿದ್ದು, ಸ್ವಂತ ದೇಶದ ಜನರ ಕಾಗದಗಳನ್ನೇ ಒಡೆದು ಓದಿದ್ದು ಎಲ್ಲ ಹೊರಬಂತು. ಮರುವರ್ಷವೇ ಗುಪ್ತಚರ ಸಮಿತಿ ಹುಟ್ಟಿತು. ಆದರೆ ಹಳೆಯ ಸಮಿತಿಗಳು ಅಧಿಕಾರ ಬಿಟ್ಟುಕೊಡಬೇಕಲ್ವಾ? ಸೇನೆಯ ಯುದ್ಧಭೂಮಿ ಗುಪ್ತಚರ ಕೆಲಸ ಸಶಸ್ತ್ರ ಪಡೆಗಳ ಸಮಿತಿಯ ಬಳಿ, ಹಣ ಮಂಜೂರು ಮಾಡುವ ಅಧಿಕಾರ ಇನ್ನೊಂದು ಸಮಿತಿಯ ಬಳಿ ಉಳಿದವು. ಹಣ ತಡೆಯಲಾಗದ ಸಮಿತಿಯ ಮಾತಿಗೆ ಯಾರು ಹೆದರುತ್ತಾರೆ? 2004ರಲ್ಲಿ, 2001ರ ಸೆಪ್ಟೆಂಬರ್ 11ರ ಉಗ್ರರ ದಾಳಿಯ ತನಿಖೆ ಮಾಡಿದ 9/11 ಆಯೋಗ, ಎರಡೂ ಸದನಗಳಿಗೆ ಒಂದು ಜಂಟಿ ಸಮಿತಿ ಮಾಡಿ, ಇಲ್ಲವೇ ಮೇಲ್ವಿಚಾರಣೆ, ಹಣ ಎರಡನ್ನೂ ಒಂದೇ ಸಮಿತಿಗೆ ಕೊಡಿ ಎಂದಿತು. ಸೆನೆಟ್ ಎರಡನ್ನೂ ಮಾಡಲಿಲ್ಲ.

ನಮ್ಮಲ್ಲಿ ಅಂಥ ಸಮಿತಿಯೇ ಇಲ್ಲ. ನನಗೆ ಇದೇ ಜಾಸ್ತಿ ಚಿಂತೆ. 1968ರಲ್ಲಿ ಶುರುವಾದ ನಮ್ಮ ಗುಪ್ತಚರ ಸಂಸ್ಥೆ ‘ರಾ’ವನ್ನು ಹುಟ್ಟುಹಾಕಿದ ಕಾಯ್ದೆಯೂ ಇಲ್ಲ. 2011ರಲ್ಲಿ ಸಂಸದ ಮನೀಶ್ ತಿವಾರಿ ಗುಪ್ತಚರ ಸಂಸ್ಥೆಗಳನ್ನು ಕಾನೂನಿನ ಚೌಕಟ್ಟಿಗೆ ತರಲು ಖಾಸಗಿ ಮಸೂದೆ ತಂದರು, ಅದು ಕಾಯ್ದೆಯಾಗಲಿಲ್ಲ.